ಚೂರು ಮಾಡಿ ಬೀಗ ಹಾಕಿಟ್ಟ ಬ್ಯಾಕಪ್ ವಾಪಸ್ ಬರುತ್ತದಾ? ಪರೀಕ್ಷಿಸುವ ದಾರಿಗಳು, ಯಾವುದು ಯಾರಿಗೆ

ಬ್ಯಾಕಪ್ ಹೇಗೆ ತೆಗೆಯುವುದು ಅಂತ ಕೇಳುವವರು ಈಗ ಕಡಿಮೆ. ಜಾಸ್ತಿ ಬರುವ ಪ್ರಶ್ನೆ ಬೇರೆ. ಎಲ್ಲ ಚೂರುಚೂರಾಗಿ, ಎನ್‌ಕ್ರಿಪ್ಟ್ ಆಗಿ (ಅಂದರೆ ಪಾಸ್‌ವರ್ಡಿನ ಬೀಗ ಬಿದ್ದು) ಕ್ಲೌಡಿಗೋ ಹಾರ್ಡ್ ಡಿಸ್ಕಿಗೋ ಹೋಗುತ್ತಿದೆ, ಆದರೆ ಅಲ್ಲಿ ಹೋಗಿ ನೋಡಿದರೆ ಅರ್ಥವಾಗದ ಹೆಸರಿನ ಸಾವಿರಾರು ಫೈಲುಗಳು, ನನ್ನ ಫೋಟೋ ಅದರೊಳಗೆ ನಿಜವಾಗಲೂ ಇದೆಯಾ, ಬೇಕಾದಾಗ ವಾಪಸ್ ಬರುತ್ತದಾ? ಕೇಳಲೇಬೇಕಾದ ಪ್ರಶ್ನೆ. ಸಾದಾ ಹಾರ್ಡ್ ಡಿಸ್ಕಾಗಿದ್ದರೆ ನಾಲ್ಕು ಫೋಟೋ ತೆರೆದು ನೋಡಿ ಸಮಾಧಾನ ಪಡಬಹುದಿತ್ತು. ಚೂರು ಮಾಡಿ ಬೀಗ ಹಾಕಿದ ಮೇಲೆ ನಿಮ್ಮ ಕಣ್ಣಿಗೂ ಏನೂ ಕಾಣುವುದಿಲ್ಲ. ಹಾಗಾಗಿ ಟೂಲ್ ಆರಿಸುವಾಗಲೇ ಅದನ್ನು ಪರೀಕ್ಷಿಸುವುದು ಹೇಗೆ ಅಂತ ಯೋಚಿಸಿ ಆರಿಸಬೇಕು.

ಇದು ಸುಮ್ನೆ ಹೆದರಿಸುವ ಮಾತಲ್ಲ. 2017ರ ಜನವರಿ 31ರಂದು ಸಾಫ್ಟ್‌ವೇರ್ ಕೋಡ್ ಇಟ್ಟುಕೊಳ್ಳುವ ತಾಣವಾದ ಗಿಟ್‌ಲ್ಯಾಬ್‌ನ ಒಬ್ಬ ಎಂಜಿನಿಯರ್ ತಪ್ಪು ಸರ್ವರಿನಲ್ಲಿ ಡೇಟಾಬೇಸ್ ಫೋಲ್ಡರ್ ಅಳಿಸಿಬಿಟ್ಟರು. ಬ್ಯಾಕಪ್ ಹುಡುಕಿಕೊಂಡು ಹೋದರೆ ಕ್ಲೌಡಿನಲ್ಲಿ ಬ್ಯಾಕಪ್ ಇಡುವ ಜಾಗವೇ ಖಾಲಿ. ಪೋಸ್ಟ್‌ಗ್ರೆಸ್ 9.6 ಡೇಟಾಬೇಸಿನ ಮೇಲೆ 9.2 ಆವೃತ್ತಿಯ ಡಂಪ್ ಟೂಲ್ (ಡೇಟಾದ ಪ್ರತಿ ತೆಗೆಯುವುದು) ಓಡಿ ಪ್ರತಿ ಸಲ ಅರ್ಧಕ್ಕೇ ನಿಲ್ಲುತ್ತಿತ್ತು. ನಿಂತಿತು ಅಂತ ಹೇಳಬೇಕಿದ್ದ ಇ-ಮೇಲ್ ಕೂಡ ತಿರಸ್ಕಾರವಾಗುತ್ತಿತ್ತು. ಕೊನೆಗೆ ಸುಮಾರು ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಡೇಟಾದ ಪ್ರತಿ) ಅವರನ್ನು ಕಾಪಾಡಿತು, ಆಮೇಲಿನ ಡೇಟಾ ಹೋಯಿತು. ಇಷ್ಟನ್ನೂ ಅವರೇ ವಿವರವಾಗಿ ಬರೆದು ಎಲ್ಲರ ಮುಂದಿಟ್ಟರು. ಅಷ್ಟು ಜನ ಎಂಜಿನಿಯರ್‌ಗಳಿರುವ ಕಡೆ ಹೀಗಾದರೆ ಮನೆಯಲ್ಲಿ, ಸಣ್ಣ ಆಫೀಸಿನಲ್ಲಿ ಆಗದೇ ಇರುತ್ತದಾ?

ಮೊದಲು ಅಳತೆಗೋಲು

ಯಾವ ಟೂಲ್ ಆದರೂ ಈ ಐದು ವಿಷಯ ಕೇಳಿ.

ಒಂದು, ಅದರ ಚೆಕ್ ಏನನ್ನು ನೋಡುತ್ತದೆ? ಚೂರು ಅಲ್ಲಿದೆ ಅನ್ನುವುದು ಒಂದು ಮಟ್ಟ. ಚೂರು ಕೆಟ್ಟಿಲ್ಲ ಅನ್ನುವುದು ಎರಡನೆಯದು. ಚೂರುಗಳನ್ನೆಲ್ಲ ಸೇರಿಸಿ, ಬೀಗ ತೆಗೆದು, ಫೈಲ್ ತೆರೆದು ನೋಡಿದೆ ಅನ್ನುವುದು ಮೂರನೆಯದು. ಹೆಚ್ಚಿನವರು ಮೊದಲನೆಯ ಮಟ್ಟದ ಹಸಿರು ಟಿಕ್ ನೋಡಿ ಮೂರನೆಯದೂ ಆಯಿತು ಅಂದುಕೊಳ್ಳುತ್ತಾರೆ. ಮೋಸ ಆಗುವುದು ಇಲ್ಲೇ.

ಎರಡು, ಪರೀಕ್ಷೆಗೆ ಎಷ್ಟು ಡೌನ್‌ಲೋಡ್ ಆಗಬೇಕು? 1 ಟಿಬಿ ಡೇಟಾವನ್ನು 100 ಎಂಬಿಪಿಎಸ್ ಲೈನಿನಲ್ಲಿ ಪೂರ್ತಿ ಓದಲು, ಲೈನ್ ಒಂದು ಕ್ಷಣವೂ ತಗ್ಗದಿದ್ದರೆ, 22 ಗಂಟೆ ಬೇಕು. 40 ಎಂಬಿಪಿಎಸ್ ಆದರೆ 55 ಗಂಟೆ. ಮನೆಯ ಪ್ಲಾನಿಗೆ ತಿಂಗಳ ಮಿತಿ ಇರುತ್ತದೆ, ಕೆಲವು ಕ್ಲೌಡ್‌ಗಳು ಡೌನ್‌ಲೋಡಿಗೇ ದುಡ್ಡು ತೆಗೆದುಕೊಳ್ಳುತ್ತವೆ.

ಮೂರು, ಕೀ (ಬೀಗ ತೆಗೆಯುವ ಗುಟ್ಟು) ಕೊಡದೆ ಬೇರೆಯವರಿಂದ ಪರೀಕ್ಷೆ ಮಾಡಿಸಬಹುದಾ? ನಾಲ್ಕು, ಕೆಟ್ಟ ಚೂರು ಸಿಕ್ಕರೆ ಸರಿ ಮಾಡುವ ದಾರಿ ಇದೆಯಾ, ಇಲ್ಲ ಸುದ್ದಿ ಮಾತ್ರ ಸಿಗುತ್ತದಾ? ಐದು, ನೀವು ಇಲ್ಲದಾಗ ಮನೆಯವರೋ ಜೊತೆಯವರೋ ಇದನ್ನು ತೆರೆಯಬಲ್ಲರಾ?

ಸೆವೆನ್-ಜಿಪ್ ಮತ್ತು ಪಾರ್2

ಹಳೆಯ ಜೋಡಿ, ಈಗಲೂ ಗಟ್ಟಿ. ಫೈಲುಗಳನ್ನು ಒತ್ತಿ ಒಂದು ಕಟ್ಟು ಮಾಡುವ ಸೆವೆನ್-ಜಿಪ್‌ನಲ್ಲಿ ಎಇಎಸ್-256 ಅನ್ನುವ ಗಟ್ಟಿ ಬೀಗ ಆರಿಸಿ ಪಾಸ್‌ವರ್ಡ್ ಹಾಕಿ, ಫೈಲ್ ಹೆಸರುಗಳನ್ನೂ ಮುಚ್ಚುವ ಆಯ್ಕೆಗೆ ಟಿಕ್ ಮಾಡಿ, 1 ಜಿಬಿಯ ಚೂರುಗಳಾಗಿ ಒಡೆಯುತ್ತೀರಿ. 001, 002 ಅಂತ ಫೈಲುಗಳು ಸಾಲಾಗಿ ಬರುತ್ತವೆ. ಅದರ ಟೆಸ್ಟ್ ಆಯ್ಕೆ ಪಾಸ್‌ವರ್ಡ್ ಕೇಳಿ, ಒಳಗಿನ ಪ್ರತಿ ಫೈಲನ್ನೂ ಬಿಚ್ಚಿ ಚೆಕ್‌ಸಮ್ (ಫೈಲ್ ಬದಲಾದರೆ ತಾನೂ ಬದಲಾಗುವ ಗುರುತು ಸಂಖ್ಯೆ) ತಾಳೆ ನೋಡುತ್ತದೆ, ಡಿಸ್ಕಿಗೆ ಏನೂ ಬರೆಯುವುದಿಲ್ಲ. ಪರೀಕ್ಷೆ ಒಳ್ಳೆಯದೇ. ತೊಂದರೆ ಏನೆಂದರೆ ನಡುವಿನ ಒಂದು ಚೂರು ಹೋದರೆ ಮುಂದಿನದರಲ್ಲಿ ಬಹುಪಾಲು ಹೋದ ಹಾಗೇ.

ಅಲ್ಲಿಗೆ ಪಾರ್2 ಬರುತ್ತದೆ. ಇದು ರೀಡ್-ಸಾಲೊಮನ್ ಲೆಕ್ಕದಿಂದ ಹೆಚ್ಚುವರಿ ರಿಪೇರಿ ಫೈಲುಗಳನ್ನು ಮಾಡಿಕೊಡುತ್ತದೆ. 20 ಚೂರುಗಳಿಗೆ ಶೇಕಡಾ 15ರಷ್ಟು ರಿಪೇರಿ ಡೇಟಾ ಮಾಡಿಟ್ಟರೆ, ಯಾವ ಎರಡು ಚೂರು ಪೂರ್ತಿ ಕಳೆದರೂ ಮತ್ತೆ ಹುಟ್ಟಿಸಬಹುದು. ನನಗೆ ಇಷ್ಟವಾಗುವುದು ಇನ್ನೊಂದು ಗುಣ: ಪಾರ್2 ಕೆಲಸ ಮಾಡುವುದು ಬೀಗ ಹಾಕಿದ ಚೂರುಗಳ ಮೇಲೆ. ಅಂದರೆ ನಿಮ್ಮ ಡಿಸ್ಕ್ ಇಟ್ಟುಕೊಂಡಿರುವ ಊರಿನ ಅಣ್ಣ ಪಾಸ್‌ವರ್ಡ್ ಗೊತ್ತಿಲ್ಲದೆಯೇ ಪರೀಕ್ಷೆ ಮಾಡಬಹುದು, ರಿಪೇರಿಯನ್ನೂ ಮಾಡಬಹುದು. ಒಳಗೆ ಏನಿದೆ ಅಂತ ಅವರಿಗೆ ತಿಳಿಯುವುದೇ ಇಲ್ಲ.

ಆದರೆ ಇದು ಮುಗಿದ ಕೆಲಸಕ್ಕೆ ಮಾತ್ರ. ದಿನಾ ಬದಲಾಗುವ ಫೋಲ್ಡರಿಗೆ ಈ ಜೋಡಿ ಬಳಸಲು ಹೋದರೆ ಪ್ರತಿ ಸಲ ಎಲ್ಲವನ್ನೂ ಹೊಸದಾಗಿ ಮಾಡಬೇಕು, ಎರಡು ತಿಂಗಳಲ್ಲಿ ಬೇಸರ ಬಂದು ಬಿಟ್ಟುಬಿಡುತ್ತೀರಿ.

ರೆಸ್ಟಿಕ್ ಮತ್ತು ಬೋರ್ಗ್

ದಿನನಿತ್ಯದ ಬ್ಯಾಕಪ್ಪಿಗೆ ಇವೆರಡರಲ್ಲಿ ಒಂದು. ಎರಡೂ ಉಚಿತ, ಎರಡೂ ಫೈಲುಗಳನ್ನು ಒಳಗಿನ ವಿಷಯದ ಪ್ರಕಾರ ಚೂರು ಮಾಡಿ, ಒಂದೇ ಥರದ ಚೂರನ್ನು ಒಂದೇ ಸಲ ಇಟ್ಟುಕೊಂಡು, ಬೀಗ ಹಾಕುತ್ತವೆ. ಜಾಗ ಬಹಳ ಉಳಿಯುತ್ತದೆ. ಅದಕ್ಕೆ ಬೆಲೆಯೂ ಇದೆ: ಒಂದು ಚೂರು ಕೆಟ್ಟರೆ, ಅದನ್ನು ಬಳಸುವ ವರ್ಷಗಟ್ಟಲೆಯ ಬ್ಯಾಕಪ್‌ಗಳಲ್ಲಿ ಆ ಫೈಲ್ ಒಟ್ಟಿಗೇ ಕೆಡುತ್ತದೆ.

ರೆಸ್ಟಿಕ್‌ನ ಫೋಲ್ಡರ್ ಒಮ್ಮೆ ತೆರೆದು ನೋಡಿ. ಒಳಗೆ ಡೇಟಾ, ಇಂಡೆಕ್ಸ್, ಸ್ನ್ಯಾಪ್‌ಶಾಟ್ಸ್, ಕೀಸ್ ಅನ್ನುವ ಫೋಲ್ಡರುಗಳು, ಕಾನ್ಫಿಗ್ ಅನ್ನುವ ಒಂದು ಫೈಲ್. ಡೇಟಾ ಫೋಲ್ಡರಿನೊಳಗೆ 256 ಉಪಫೋಲ್ಡರುಗಳು, ಅವುಗಳಲ್ಲಿ ಸಾಧಾರಣವಾಗಿ 16 ಎಂಬಿ ಆಸುಪಾಸಿನ ಪ್ಯಾಕ್ ಫೈಲುಗಳು, ಒಂದೊಂದಕ್ಕೂ 64 ಅಕ್ಷರದ ಹೆಸರು. ಆ ಹೆಸರು ಸುಮ್ನೆ ಇಟ್ಟದ್ದಲ್ಲ. ಕಾನ್ಫಿಗ್ ಒಂದನ್ನು ಬಿಟ್ಟು ಪ್ರತಿ ಫೈಲಿನ ಹೆಸರೂ ಆ ಫೈಲಿನದೇ ಎಸ್‌ಎಚ್‌ಎ-256 ಹ್ಯಾಶ್, ಅಂದರೆ ಒಳಗಿನ ವಿಷಯದಿಂದ ಲೆಕ್ಕ ಹಾಕಿದ ಗುರುತು. ಇದರಿಂದ ಎಂಥ ಅನುಕೂಲ ನೋಡಿ: ನಿಮ್ಮ ಡಿಸ್ಕ್ ಇರುವ ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಹ್ಯಾಶ್ ಲೆಕ್ಕ ಹಾಕಿ ಹೆಸರಿನ ಜೊತೆ ತಾಳೆ ನೋಡಬಹುದು. ಪಾಸ್‌ವರ್ಡ್ ಬೇಡ, ಡೌನ್‌ಲೋಡ್ ಬೇಡ. ಹೊಂದದಿದ್ದರೆ ಚೂರು ಕೆಟ್ಟಿದೆ ಅಂತಲೇ ಅರ್ಥ. ಒಂದೇ ಎಚ್ಚರ: ಇರುವ ಚೂರು ಸರಿ ಇದೆ ಅಂತ ಇದು ಹೇಳುತ್ತದೆ, ಕಾಣೆಯಾದ ಚೂರಿನ ಬಗ್ಗೆ ಏನೂ ಹೇಳುವುದಿಲ್ಲ. ಅದಕ್ಕೆ ಪ್ರತಿ ಬ್ಯಾಕಪ್ ಆದ ಮೇಲೆ ಹೆಸರುಗಳ ಪಟ್ಟಿಯನ್ನು ಬೇರೆ ಕಡೆ ಉಳಿಸಿಕೊಳ್ಳಿ.

ರೆಸ್ಟಿಕ್‌ನ ಸ್ವಂತ ಚೆಕ್ ಕಮ್ಯಾಂಡಿನಲ್ಲಿ ಮೂರು ಹಂತ. ಬರೀ ಚೆಕ್ ಅಂದರೆ ಇಂಡೆಕ್ಸ್ (ಯಾವ ಚೂರು ಎಲ್ಲಿದೆ ಅನ್ನುವ ಪಟ್ಟಿ) ಮತ್ತು ರಚನೆ ನೋಡುತ್ತದೆ, ಬೇಗ ಮುಗಿಯುತ್ತದೆ, ಆದರೆ ಫೋಟೋದ ಡೇಟಾ ಮುಟ್ಟುವುದಿಲ್ಲ. ರೀಡ್-ಡೇಟಾ ಸೇರಿಸಿದರೆ ಪ್ರತಿ ಚೂರನ್ನೂ ತಂದು ಓದುತ್ತದೆ. ನಡುವಿನದು ರೀಡ್-ಡೇಟಾ-ಸಬ್‌ಸೆಟ್. ಈ ತಿಂಗಳು 12ರಲ್ಲಿ 1ನೇ ಭಾಗ, ಮುಂದಿನ ತಿಂಗಳು 2ನೇ ಭಾಗ ಅಂತ ಕೊಡುತ್ತಾ ಹೋದರೆ ವರ್ಷದಲ್ಲಿ ಒಂದು ಸುತ್ತು ಪೂರ್ತಿ ಆಗುತ್ತದೆ. 600 ಜಿಬಿ ಇದ್ದವರಿಗೆ ತಿಂಗಳಿಗೆ 50 ಜಿಬಿ ಓದಿದರೆ ಸಾಕು. ಮನೆಯ ಇಂಟರ್ನೆಟ್ಟಿಗೆ ಇದೇ ಸರಿಯಾದ ಹದ.

ಕೆಟ್ಟದ್ದು ಸಿಕ್ಕರೆ? ರೆಸ್ಟಿಕ್ ತಾನಾಗಿ ಚೂರನ್ನು ಹುಟ್ಟಿಸಲಾರದು. ಮೂಲ ಫೈಲ್ ನಿಮ್ಮ ಹತ್ತಿರ ಇನ್ನೂ ಇದ್ದರೆ, ಕೆಟ್ಟ ಪ್ಯಾಕ್ ತೆಗೆದು, ಇಂಡೆಕ್ಸ್ ರಿಪೇರಿ ಮಾಡಿ, ಮತ್ತೆ ಬ್ಯಾಕಪ್ ಓಡಿಸಿದರೆ ಕೊರತೆ ತುಂಬಿಕೊಳ್ಳುತ್ತದೆ. ಬೇಗ ಗೊತ್ತಾದಷ್ಟೂ ಒಳ್ಳೆಯದು ಅನ್ನುವುದು ಅದಕ್ಕೇ. ಮೂಲ ಅಳಿಸಿದ ಮೇಲೆ ಗೊತ್ತಾದರೆ ಏನೂ ಮಾಡಲು ಬರುವುದಿಲ್ಲ.

ಬೋರ್ಗ್ ಕೂಡ ಹೆಚ್ಚುಕಮ್ಮಿ ಇದೇ ದಾರಿ. ರೆಪಾಸಿಟರಿ-ಓನ್ಲಿ ಅನ್ನುವ ಚೆಕ್ ಸರ್ವರಿನಲ್ಲೇ ಕೀ ಇಲ್ಲದೆ ಓಡುತ್ತದೆ, ವೆರಿಫೈ-ಡೇಟಾ ಅನ್ನುವುದು ಕೀ ಬಳಸಿ ಪ್ರತಿ ಚೂರನ್ನೂ ಬಿಚ್ಚಿ ನೋಡುತ್ತದೆ. ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಸುರಕ್ಷಿತ ಸಂಪರ್ಕ) ಮೂಲಕ ಹೋಗುವ ಸ್ವಂತ ಸರ್ವರ್ ಇದ್ದರೆ ಬೋರ್ಗ್ ಚೆಂದ, ನೇರವಾಗಿ ಬೇರೆ ಬೇರೆ ಕ್ಲೌಡಿಗೆ ಕಳಿಸುವುದಾದರೆ ರೆಸ್ಟಿಕ್ ಸುಲಭ. ವಿಂಡೋಸ್ ಬಳಸುವವರು ಯೋಚನೆ ಮಾಡದೆ ರೆಸ್ಟಿಕ್ ಕಡೆ ಹೋಗಿ.

ಆರ್‌ಕ್ಲೋನ್ ಕ್ರಿಪ್ಟ್

ಆರ್‌ಕ್ಲೋನ್ ಅಂದರೆ ಫೈಲುಗಳನ್ನು ಕ್ಲೌಡಿಗೆ ನಕಲಿಸುವ ಟೂಲ್, ಕ್ರಿಪ್ಟ್ ಅದರ ಬೀಗ ಹಾಕುವ ಭಾಗ. ಇದರಲ್ಲಿ ಒಂದು ಫೈಲಿಗೆ ಒಂದೇ ಬೀಗ ಹಾಕಿದ ಫೈಲ್. ಒಳಗೆ 64 ಕೆಬಿಯ ತುಂಡುಗಳು, ಪ್ರತಿ ತುಂಡಿಗೂ ಅದರದೇ ಮುದ್ರೆ. ಒಂದು ಫೈಲ್ ಕೆಟ್ಟರೆ ಅದೊಂದೇ ಹೋಗುತ್ತದೆ, ಇದು ದೊಡ್ಡ ಸಮಾಧಾನ. ಕ್ರಿಪ್ಟ್‌ಚೆಕ್ ಅನ್ನುವ ಕಮ್ಯಾಂಡ್ ಜಾಣತನದ್ದು: ಕ್ಲೌಡಿನ ಫೈಲಿನ ತಲೆಭಾಗದಿಂದ ಕೆಲವೇ ಬೈಟ್ ಓದಿ, ನಿಮ್ಮ ಕಂಪ್ಯೂಟರಿನಲ್ಲಿರುವ ಮೂಲ ಫೈಲಿಗೆ ಅದೇ ರೀತಿ ಬೀಗ ಹಾಕಿ, ಬಂದ ಹ್ಯಾಶನ್ನು ಕ್ಲೌಡ್ ಹೇಳುವ ಹ್ಯಾಶ್ ಜೊತೆ ಹೋಲಿಸುತ್ತದೆ. ಡೌನ್‌ಲೋಡ್ ಹೆಚ್ಚೂಕಡಿಮೆ ಇಲ್ಲವೇ ಇಲ್ಲ.

ಆದರೆ ಎರಡು ಕೊರತೆ. ಮೂಲ ಫೈಲ್ ಇದ್ದರೆ ಮಾತ್ರ ಈ ಪರೀಕ್ಷೆ, ಅದು ಹೋದ ದಿನ ಈ ಕಮ್ಯಾಂಡೂ ಹೋಯಿತು. ಮತ್ತೆ ಇಲ್ಲಿ ನಂಬುವುದು ಕ್ಲೌಡ್ ಕೊಟ್ಟ ಹ್ಯಾಶನ್ನು, ಫೈಲನ್ನು ನೀವೇ ಓದಿ ನೋಡಿದ ಹಾಗಲ್ಲ.

ಕನ್ನಡದವರಿಗೆ ಇನ್ನೊಂದು ವಿಶೇಷ ತೊಡಕು. ಹೆಸರಿಗೂ ಬೀಗ ಹಾಕಿದಾಗ ಫೈಲ್ ಹೆಸರು ಸಾಧಾರಣವಾಗಿ 143 ಬೈಟ್ ದಾಟುವ ಹಾಗಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಒಂದೊಂದು ಚಿಹ್ನೆಗೂ ಮೂರು. 'ಶ್ರೀ' ಅಂತ ಬರೆದರೆ ಅಷ್ಟಕ್ಕೇ 12 ಬೈಟ್. 'ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬದ ಊಟದ ಫೋಟೋ ಮನೆಯ ಅಂಗಳದಲ್ಲಿ ತೆಗೆದದ್ದು' ಅನ್ನುವಂಥ ಹೆಸರು ಸುಲಭವಾಗಿ ಗಡಿ ದಾಟಿ ಅಪ್‌ಲೋಡ್ ಆಗದೆ ಉಳಿಯಬಹುದು. ಲಾಗ್ ಓದದವರಿಗೆ ಇದು ತಿಳಿಯುವುದೇ ಇಲ್ಲ. ಕನ್ನಡ ಹೆಸರಿನ ಫೈಲುಗಳು ಜಾಸ್ತಿ ಇದ್ದರೆ ಮೊದಲ ದಿನವೇ ಎರಡು ಕಡೆಯ ಫೈಲ್ ಸಂಖ್ಯೆ ಎಣಿಸಿ ಹೋಲಿಸಿ.

ಟಾಹೋ-ಲಾಫ್ಸ್ ಥರದ್ದು

ಒಬ್ಬರ ಡೇಟಾ ಹಲವರ ಕಂಪ್ಯೂಟರಿನಲ್ಲಿ ಚೂರಾಗಿ ಇರುವ ಪದ್ಧತಿ ಇದು. ಅದರ ರೂಢಿಯ ಲೆಕ್ಕ 10ರಲ್ಲಿ 3: ಪ್ರತಿ ಫೈಲನ್ನು ಬೀಗ ಹಾಕಿ 10 ಪಾಲು ಮಾಡಿ ಹಂಚುತ್ತದೆ, ಯಾವುದಾದರೂ 3 ಪಾಲು ಸಿಕ್ಕರೆ ಫೈಲ್ ವಾಪಸ್. ಏಳು ಪಾಲು ಕಳೆದರೂ ಚಿಂತೆಯಿಲ್ಲ. ಜಾಗ ಮಾತ್ರ ಮೂರೂಕಾಲು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಬೇಕು.

ನಮ್ಮ ಮೂರನೆಯ ಪ್ರಶ್ನೆಗೆ ಎಲ್ಲರಿಗಿಂತ ಚೊಕ್ಕ ಉತ್ತರ ಇರುವುದು ಇಲ್ಲೇ. ಪ್ರತಿ ಫೈಲಿಗೂ ಓದುವ ಚೀಟಿ ಬೇರೆ, ಪರೀಕ್ಷಿಸುವ ಚೀಟಿ ಬೇರೆ. ವೆರಿಫೈ-ಕ್ಯಾಪ್ ಅನ್ನುವ ಎರಡನೆಯದನ್ನು ಯಾರಿಗೆ ಕೊಟ್ಟರೂ ಅವರು ಪಾಲುಗಳು ಸರಿ ಇವೆಯಾ ಅಂತ ನೋಡಬಲ್ಲರು, ಒಳಗಿನದನ್ನು ಓದಲಾರರು. ಚೆಕ್ ಮಾಡುವಾಗ ವೆರಿಫೈ ಆಯ್ಕೆ ಮರೆಯಬೇಡಿ. ಅದಿಲ್ಲದಿದ್ದರೆ ಪಾಲು ನಿನ್ನ ಹತ್ತಿರ ಇದೆಯಾ ಅಂತ ಸರ್ವರನ್ನು ಕೇಳಿ ಸುಮ್ಮನಾಗುತ್ತದೆ, ಇದ್ದರೆ ಪಾಲನ್ನೇ ತಂದು ಓದಿ ನೋಡುತ್ತದೆ. ರಿಪೇರಿ ಆಯ್ಕೆ ಸೇರಿಸಿದರೆ ಕಳೆದ ಪಾಲುಗಳನ್ನು ಹೊಸದಾಗಿ ಮಾಡಿ ಹಂಚುತ್ತದೆ.

ಇದು ಒಂಟಿ ಮನುಷ್ಯನಿಗೆ ಅಲ್ಲ. ಏಳೆಂಟು ಕಡೆ ಕಂಪ್ಯೂಟರ್ ಸದಾ ಓಡಿಸಬಲ್ಲ, ಒಬ್ಬರನ್ನೊಬ್ಬರು ಬಲ್ಲ ಗುಂಪಿಗೆ. ಕರೆಂಟ್ ಹೋದರೆ, ರೂಟರ್ ಕೈಕೊಟ್ಟರೆ ನೋಡಿಕೊಳ್ಳುವವರು ಪ್ರತಿ ಕಡೆಯೂ ಬೇಕು. ಸ್ಟೋರ್ಜ್‌ನಂಥ ಹಂಚಿಕೆಯ ಕ್ಲೌಡ್ ಆದರೆ ಆ ತಲೆನೋವಿಲ್ಲ, ಚೂರುಗಳ ತನಿಖೆ ಅವರೇ ಮಾಡುತ್ತಾರೆ. ಆದರೆ ಅವರು ತನಿಖೆ ಮಾಡುವುದು ಚೂರನ್ನು, ನಿಮ್ಮ ಪಾಸ್‌ವರ್ಡನ್ನಲ್ಲ.

ಸ್ವಲ್ಪ ಓದಿದರೆ ಸಾಕಾ, ಎಲ್ಲ ಓದಬೇಕಾ?

ಈ ಗೊಂದಲಕ್ಕೆ 2007ರಲ್ಲೇ ಉತ್ತರ ಬಂದಿದೆ. ಅಟೆನೀಸ್ ಅನ್ನುವ ಸಂಶೋಧಕರು ಮತ್ತು ಜೊತೆಗಾರರು ಆ ವರ್ಷ ತೋರಿಸಿದ ಲೆಕ್ಕ ಹೀಗಿದೆ: ಚೂರುಗಳಲ್ಲಿ ಶೇಕಡಾ 1ರಷ್ಟು ಕೆಟ್ಟಿದ್ದರೆ, ಚೀಟಿ ಎತ್ತಿದ ಹಾಗೆ 460 ಚೂರು ಆರಿಸಿ ನೋಡಿದರೆ ಶೇಕಡಾ 99 ಸಲ ಸಿಕ್ಕಿಬೀಳುತ್ತದೆ. ಒಟ್ಟು ಚೂರು 10 ಸಾವಿರ ಇರಲಿ, 10 ಲಕ್ಷ ಇರಲಿ, 460 ಸಾಕು. ಕೇಳಲು ಅದ್ಭುತ ಅಲ್ವಾ? ಆದರೆ ಅದೇ 10 ಸಾವಿರದಲ್ಲಿ ಒಂದೇ ಒಂದು ಚೂರು ಕೆಟ್ಟಿದ್ದರೆ ಈ 460ರಲ್ಲಿ ಅದು ಸಿಗುವ ಸಾಧ್ಯತೆ ಶೇಕಡಾ 5ಕ್ಕೂ ಕಡಿಮೆ. ಆ ಒಂದು ಚೂರು ನಿಮ್ಮ ಮಗಳ ನಾಮಕರಣದ ವಿಡಿಯೋ ಆಗಿರಬಹುದು.

ಅದೇ ವರ್ಷ ಜುವೆಲ್ಸ್ ಮತ್ತು ಕಾಲಿಸ್ಕಿ ಅನ್ನುವ ಸಂಶೋಧಕರು ಇದಕ್ಕೆ ಜೋಡಿ ಉಪಾಯ ಹೇಳಿದರು. ಸಣ್ಣ ಹಾನಿಯನ್ನು ರಿಪೇರಿ ಡೇಟಾ ಸರಿ ಮಾಡಲಿ, ದೊಡ್ಡ ಹಾನಿಯನ್ನು ಸ್ಯಾಂಪಲ್ ಹಿಡಿಯಲಿ. ನಮ್ಮ ಆಯ್ಕೆಗೂ ಇದೇ ಸೂತ್ರ. ಪಾರ್2 ಅಥವಾ ಟಾಹೋ ಇದ್ದರೆ ಸ್ಯಾಂಪಲ್ ಪರೀಕ್ಷೆಗೆ ಬಲ ಬರುತ್ತದೆ. ರೆಸ್ಟಿಕ್, ಬೋರ್ಗ್, ಆರ್‌ಕ್ಲೋನ್ ಬಳಸುವವರ ಹತ್ತಿರ ರಿಪೇರಿ ಡೇಟಾ ಇಲ್ಲ, ಆದ್ದರಿಂದ ಸುತ್ತು ಹಾಕಿ ಹಾಕಿ ಪ್ರತಿ ಚೂರನ್ನೂ ಓದಲೇಬೇಕು, ಬೇರೆ ಕಡೆ ಇನ್ನೊಂದು ಪ್ರತಿಯನ್ನೂ ಇಟ್ಟಿರಬೇಕು.

ಕೀ ಹೋದರೆ ಎಲ್ಲವೂ ಹೋಯಿತು

ಚೂರುಗಳೆಲ್ಲ ಸರಿಯಿದ್ದು ಕೀ ಇಲ್ಲದಿದ್ದರೆ ಪರೀಕ್ಷೆಗೆ ಅರ್ಥವಿಲ್ಲ. ರೆಸ್ಟಿಕ್‌ನ ಕೀಸ್ ಫೋಲ್ಡರ್ ಅಳಿದರೆ ಪಾಸ್‌ವರ್ಡ್ ಬಾಯಿಪಾಠ ಇದ್ದರೂ ಬೀಗ ತೆರೆಯುವುದಿಲ್ಲ, ಏಕೆಂದರೆ ನಿಜವಾದ ಕೀ ಇರುವುದು ಆ ಪುಟ್ಟ ಫೈಲಿನಲ್ಲಿ. ಬೋರ್ಗ್‌ನಲ್ಲಿ ಕೀಫೈಲ್ ವಿಧಾನ ಆರಿಸಿದ್ದರೆ ಕೀ ಇರುವುದು ನಿಮ್ಮ ಲ್ಯಾಪ್‌ಟಾಪಿನಲ್ಲಿ, ಲ್ಯಾಪ್‌ಟಾಪ್ ಕಳುವಾದರೆ ಬ್ಯಾಕಪ್ಪೂ ಕಳುವಾದ ಹಾಗೆ. ಕಾಗದದ ಮೇಲೆ ಮುದ್ರಿಸುವ ಆಯ್ಕೆ ಅದರಲ್ಲೇ ಇದೆ, ಇವತ್ತೇ ಬಳಸಿ. ಆರ್‌ಕ್ಲೋನ್‌ನಲ್ಲಿ ಎರಡನೇ ಪಾಸ್‌ವರ್ಡ್ ಹಾಕಿದ್ದರೆ ಎರಡನ್ನೂ ಬರೆದಿಡಬೇಕು.

ಒಬ್ಬರ ಕೈಗೇ ಪೂರ್ತಿ ಕೀ ಕೊಡಲು ಮನಸ್ಸಿಲ್ಲದವರಿಗೆ ಗೂಢಲಿಪಿ ತಜ್ಞ ಆದಿ ಶಮೀರ್ 1979ರಲ್ಲಿ ಕೊಟ್ಟ ಗುಟ್ಟು ಹಂಚುವ ವಿಧಾನ ಇದೆ. ಐದು ಜನಕ್ಕೆ ಹಂಚಿ, ಯಾವ ಮೂರು ಜನ ಸೇರಿದರೂ ತೆರೆಯುವ ಹಾಗೆ ಮಾಡಬಹುದು. ಇಲ್ಲೂ ಪರೀಕ್ಷೆ ಬೇಕೇ ಬೇಕು. ಸಾದಾ ಶಮೀರ್ ವಿಧಾನದಲ್ಲಿ ಒಂದು ಪಾಲಿನಲ್ಲಿ ಒಂದು ಅಂಕಿ ತಪ್ಪಾದರೂ ಅದು ತಪ್ಪು ಅಂತ ಹೇಳುವುದಿಲ್ಲ, ತಪ್ಪು ಗುಟ್ಟನ್ನೇ ಧೈರ್ಯವಾಗಿ ಕೊಡುತ್ತದೆ. ಹಂಚುವ ಮುಂಚೆ, ಇಂಟರ್ನೆಟ್ ತೆಗೆದ ಕಂಪ್ಯೂಟರಿನಲ್ಲಿ, 1-2-3 ಸೇರಿಸಿ ನೋಡಿ, ಆಮೇಲೆ 1-4-5 ಸೇರಿಸಿ ನೋಡಿ. ಎರಡೇ ಸಲದಲ್ಲಿ ಐದೂ ಪಾಲು ಪರೀಕ್ಷೆ ಆದವು. ಶಮೀರ್ ವಿಧಾನದ ಮೇಲೇ ಕಟ್ಟಿದ ಸ್ಲಿಪ್-39 ಪದ್ಧತಿಯಲ್ಲಿ ಪ್ರತಿ ಪಾಲೂ ಪದಗಳ ಸಾಲು, ಬರೆಯುವಾಗ ತಪ್ಪಿದರೆ ಹಿಡಿಯುವ ಚೆಕ್‌ಸಮ್ ಅದರಲ್ಲೇ ಇದೆ. ಮನೆಯ ಹಿರಿಯರ ಕೈಗೆ ಕೊಡುವುದಾದರೆ ನಾನು ಇದನ್ನೇ ಹೇಳುತ್ತೇನೆ.

ಬಿಚ್ಚಿ ನೋಡುವ ದಿನ

ಯಾವ ಟೂಲ್ ಆರಿಸಿದರೂ ವರ್ಷಕ್ಕೊಮ್ಮೆ ಇದು ಬೇಕು. ಬೇರೆ ಕಂಪ್ಯೂಟರ್ ತೆಗೆದುಕೊಳ್ಳಿ. ಟೂಲನ್ನು ಹೊಸದಾಗಿ ಹಾಕಿ. ಪಾಸ್‌ವರ್ಡನ್ನು ಬರೆದಿಟ್ಟ ಕಾಗದ ನೋಡಿಯೇ ಟೈಪ್ ಮಾಡಿ, ಬ್ರೌಸರ್ ನೆನಪಿಟ್ಟಿದ್ದು ಲೆಕ್ಕಕ್ಕಿಲ್ಲ. ಒಂದು ಹಳೆಯ ಫೋಲ್ಡರ್, ಒಂದು ಹೊಸದು, ಒಂದು ದೊಡ್ಡ ವಿಡಿಯೋ ವಾಪಸ್ ತನ್ನಿ. ಬ್ಯಾಕಪ್ ದಿನವೇ ಮಾಡಿಟ್ಟ ಚೆಕ್‌ಸಮ್ ಪಟ್ಟಿ ಇದ್ದರೆ ಅದರ ಜೊತೆ ತಾಳೆ ನೋಡಿ. ಆಮೇಲೆ ಫೈಲ್ ತೆರೆಯಿರಿ.

ತೆರೆಯಿರಿ ಅಂದದ್ದಕ್ಕೆ ಕಾರಣವಿದೆ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟಿನಲ್ಲಿ ಬರೆದ ಕಡತಗಳು ನಮ್ಮ ಎಷ್ಟೋ ಮನೆ, ಪತ್ರಿಕೆ, ಸಂಘಗಳಲ್ಲಿವೆ. ಒಂದು ಬೈಟೂ ಹೆಚ್ಚುಕಮ್ಮಿಯಾಗದೆ ಅವು ವಾಪಸ್ ಬರುತ್ತವೆ, ಚೆಕ್‌ಸಮ್ ಸರಿ ಹೊಂದುತ್ತದೆ, ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಪುಟ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ. ಫಾಂಟ್ ಫೈಲನ್ನೂ ಅದೇ ಬ್ಯಾಕಪ್ಪಿನಲ್ಲಿ ಸೇರಿಸಿ, ಆದರೆ ಯೂನಿಕೋಡಿಗೆ ಬದಲಿಸಿದ ಪ್ರತಿಯನ್ನೂ ಜೊತೆಗಿಡಿ. ಹಾಗೆಯೇ ಕನ್ನಡದ 'ೋ', 'ೇ' ಥರದ ಸ್ವರಚಿಹ್ನೆಗಳನ್ನು ಯೂನಿಕೋಡಿನಲ್ಲಿ ಒಂದೇ ಚಿಹ್ನೆಯಾಗಿಯೂ ಬರೆಯಬಹುದು, ಬಿಡಿಸಿಯೂ ಬರೆಯಬಹುದು. ಹಳೆಯ ಮ್ಯಾಕ್‌ನಿಂದ ಲಿನಕ್ಸಿಗೆ ಬಂದಾಗ ಕಣ್ಣಿಗೆ ಒಂದೇ ಥರ ಕಾಣುವ ಹೆಸರು ಟೂಲಿಗೆ ಬೇರೆಯಾಗಿ ಕಂಡು ಫೈಲ್ ಕಾಣೆ ಅಂತ ವರದಿ ಬರಬಹುದು. ಗಾಬರಿ ಬೇಡ, ಅಂಥ ಕಡೆ ಹೆಸರು ಬಿಟ್ಟು ಹ್ಯಾಶ್ ನೋಡಿ.

ಹಾಗಾದರೆ ಯಾರಿಗೆ ಯಾವುದು

ಮನೆಯ ಫೋಟೋ, ಕಾಗದಪತ್ರ, ಮಕ್ಕಳ ವಿಡಿಯೋ ಅಂದರೆ ರೆಸ್ಟಿಕ್. ಒಂದು ಪ್ರತಿ ಕ್ಲೌಡಿನಲ್ಲಿ, ಒಂದು ಹಾರ್ಡ್ ಡಿಸ್ಕಿನಲ್ಲಿ, ತಿಂಗಳಿಗೆ 12ರಲ್ಲಿ ಒಂದು ಭಾಗದ ಓದು. ಕ್ಲೌಡಿಗೆ ದುಡ್ಡು ಹಾಕಲು ಆಗದಿದ್ದರೆ ಎರಡು ಡಿಸ್ಕ್ ತೆಗೆದುಕೊಂಡು ಒಂದನ್ನು ಊರಿನ ಮನೆಯಲ್ಲಿಡಿ, ಹಬ್ಬಕ್ಕೆ ಹೋದಾಗ ಪೂರ್ತಿ ರೀಡ್-ಡೇಟಾ ಓಡಿಸಿ. ಅಲ್ಲಿ ಇಂಟರ್ನೆಟ್ ಕೂಡ ಬೇಡ.

ಫೋಟೋ ಸ್ಟುಡಿಯೋದ ಮುಗಿದ ಮದುವೆ ಕೆಲಸ, ಅಜ್ಜನ ಕೈಬರಹದ ಸ್ಕ್ಯಾನ್, ಸಂಘದ ಹಳೆಯ ಸಂಚಿಕೆಗಳು, ಅಂದರೆ ಇನ್ನು ಬದಲಾಗದ ಸಂಗ್ರಹಕ್ಕೆ ಸೆವೆನ್-ಜಿಪ್ ಮತ್ತು ಪಾರ್2. ಕಲಿಯಲು ಸುಲಭ, ಮುಂದೆ ತೆರೆಯುವವರಿಗೂ ಸುಲಭ.

ಕ್ಲಿನಿಕ್, ವಕೀಲರ ಕಚೇರಿ, ಲೆಕ್ಕಪತ್ರದ ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಹೊರಗಿನವರು. ರೋಗಿಯ, ಕಕ್ಷಿದಾರರ ದಾಖಲೆ ಅವರ ಕಣ್ಣಿಗೆ ಬೀಳಬಾರದು. ಸ್ವಂತ ಸರ್ವರಿನಲ್ಲಿ ಬೋರ್ಗ್ ಇಟ್ಟು ವಾರಕ್ಕೊಮ್ಮೆ ಕೀ ಇಲ್ಲದ ಚೆಕ್ ಅವರಿಗೆ ಬಿಡಿ, ಮೂರು ತಿಂಗಳಿಗೊಮ್ಮೆ ಕೀ ಹಾಕಿ ಪೂರ್ತಿ ಪರೀಕ್ಷೆ ನೀವೇ ಮಾಡಿ. ಬೋರ್ಗ್ ಗೊತ್ತಿಲ್ಲದಿದ್ದರೆ ರೆಸ್ಟಿಕ್ ಮತ್ತು ಹ್ಯಾಶ್-ಹೆಸರಿನ ತಾಳೆ ಇದೇ ಕೆಲಸ ಮಾಡುತ್ತದೆ.

ಫೋನಿನಿಂದಲೂ ಒಂದೊಂದೇ ಫೈಲ್ ತೆಗೆಯುವ ಅಗತ್ಯ ಇರುವವರು ಆರ್‌ಕ್ಲೋನ್ ಕ್ರಿಪ್ಟ್ ಇಟ್ಟುಕೊಳ್ಳಬಹುದು, ಆದರೆ ಅದೊಂದನ್ನೇ ನೆಚ್ಚಬೇಡಿ. ಹಲವು ಊರಿನಲ್ಲಿ ಹರಡಿರುವ ಸಂಶೋಧಕರ, ಪತ್ರಕರ್ತರ ಗುಂಪಿಗೆ, ಅದರಲ್ಲಿ ಒಬ್ಬರಾದರೂ ಲಿನಕ್ಸ್ ಬಲ್ಲವರಿದ್ದರೆ, ಟಾಹೋ-ಲಾಫ್ಸ್ ಶ್ರಮಕ್ಕೆ ತಕ್ಕ ಫಲ ಕೊಡುತ್ತದೆ.

ಬೆಲೆ ಕಡಿಮೆ ಅಂತ ಅಮೆಜಾನ್ ಗ್ಲೇಸಿಯರ್ ಡೀಪ್ ಆರ್ಕೈವ್ (ಅಪರೂಪಕ್ಕೆ ಬೇಕಾಗುವ ಡೇಟಾ ಇಡುವ ಕ್ಲೌಡ್) ಕಡೆ ನೋಡುವವರಿಗೆ ಒಂದು ಮಾತು. ಅಲ್ಲಿಂದ ಡೇಟಾ ಎತ್ತಲು 12 ಗಂಟೆ, ಅಗ್ಗದ ದಾರಿಯಲ್ಲಿ 48 ಗಂಟೆಯವರೆಗೆ ಕಾಯಬೇಕು, ಎತ್ತಿದ್ದಕ್ಕೂ ಇಳಿಸಿದ್ದಕ್ಕೂ ಬೇರೆ ಬೇರೆ ದುಡ್ಡು. ಪ್ರತಿ ಪರೀಕ್ಷೆಗೂ ಬಿಲ್ ಬರುವ ಜಾಗದಲ್ಲಿ ಯಾರೂ ಪರೀಕ್ಷೆ ಮಾಡುವುದಿಲ್ಲ. ಮೂರನೆಯ ಪ್ರತಿಗೆ ಸರಿ, ಒಂದೇ ಪ್ರತಿಗೆ ಖಂಡಿತ ಬೇಡ.

ಹೊಸದಾಗಿ ಶುರು ಮಾಡುವವರು ಇದನ್ನು ಗಮನಿಸಿ: ಜಾಗ ಖಾಲಿ ಮಾಡಬೇಕು ಅಂತ ಲ್ಯಾಪ್‌ಟಾಪಿನಿಂದ ಮೂಲ ಫೈಲ್ ಅಳಿಸುವ ಮುಂಚೆ, ಎರಡೂ ಪ್ರತಿಗಳ ಮೇಲೆ ಒಂದು ಪೂರ್ತಿ ಓದು, ಬೇರೆ ಕಂಪ್ಯೂಟರಿನಲ್ಲಿ ಒಂದು ಬಿಚ್ಚುವಿಕೆ ಮುಗಿದಿರಲಿ. 22 ಗಂಟೆ ಬೇಕಾದರೆ ಶನಿವಾರ ಬೆಳಗ್ಗೆ ಶುರು ಮಾಡಿ, ಭಾನುವಾರ ಬೆಳಗ್ಗೆ ಫಲಿತಾಂಶ ನೋಡಿ, ಅಳಿಸುವುದು ಆಮೇಲೆ.